ಪ್ರಾರ್ಥನೆ ಮನೆಗೆ ಗುಂಪು ನುಗ್ಗಿದರೆ ದೂರು ಬರೆಯುವುದು ಹೇಗೆ

ಸಾಗರದ ತಾಲ್ಲೂಕು ಕಚೇರಿ ಹತ್ತಿರ ನಾನು ಇಪ್ಪತ್ತೊಂಬತ್ತು ವರ್ಷದಿಂದ ಕೂರುತ್ತಿದ್ದೇನೆ. ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ಬಗರ್‌ಹುಕುಂ ಅರ್ಜಿ, 94ಸಿ ಅರ್ಜಿ (ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮಕ್ಕೆ), ಇವೇ ನನ್ನ ಅನ್ನ. ಮೊದಲು ಟೈಪ್‌ರೈಟರ್ ಇತ್ತು, ಈಗ ಮಗಳು ಕೊಡಿಸಿದ ಲ್ಯಾಪ್‌ಟಾಪ್ ಇದೆ. ಮನೆಮಾತು ಕೊಂಕಣಿ, ಅಜ್ಜ ಘಟ್ಟದ ಕೆಳಗಿನಿಂದ ಬಂದವರು. ಭಾನುವಾರ ಬೆಳಗ್ಗೆ ಪೂಜೆಗೆ ಹೋಗಿ, ಸಂಜೆ ಅಡಿಕೆ ರೇಟು ಮಾತಾಡುವ ಸಾಮಾನ್ಯ ಕಥೋಲಿಕ ನಾನು.

ಇದನ್ನು ಬರೆಯಲು ಕಾರಣ ನನ್ನ ಕೈಯಾರೆ ಬರೆದ ಒಂದು ಕಾಗದ.

ಕೆಲವು ವರ್ಷದ ಹಿಂದಿನ ಮಾತು. ಆಷಾಢದ ಮಳೆ. ಒಂದು ಹಳ್ಳಿಯ ಅಂಚಿನ ಒಂಟಿ ಮನೆಯಲ್ಲಿ ಪ್ರತಿ ಭಾನುವಾರ ಹನ್ನೆರಡು ಹದಿನಾಲ್ಕು ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಒಂದು ಭಾನುವಾರ ಬೈಕುಗಳಲ್ಲಿ ಹುಡುಗರು ಬಂದರು. ಕುರ್ಚಿ ಮುರಿದರು, ಕೀಬೋರ್ಡನ್ನು ಅಂಗಳದ ನೀರಿಗೆ ಎಸೆದರು, ಬೈಬಲ್ ಹರಿದರು. ಪೊಲೀಸರು ಬಂದರು. ಜೀಪು ಹತ್ತಿಸಿದ್ದು ಮಾತ್ರ ಪಾಸ್ಟರನ್ನು. ಸಂಜೆ ಏಳರ ಹೊತ್ತಿಗೆ ಒಬ್ಬ ಪೇದೆ ಅವರನ್ನು ನಮ್ಮ ಮನೆಗೆ ಕರೆತಂದು, “ಸಾರ್, ಒಂದು ಮುಚ್ಚಳಿಕೆ ಬರೆದುಕೊಡಿ, ಇಲ್ಲಿಗೆ ಮುಗಿಸೋಣ” ಅಂದರು.

ಬರೆದೆ. ಚೆಂದವಾಗಿ ಬರೆದೆ, ಅದೇ ಬೇಜಾರು. “ಇನ್ನು ಮುಂದೆ ಸದರಿ ಮನೆಯಲ್ಲಿ ಯಾವುದೇ ಪ್ರಾರ್ಥನಾ ಸಭೆ ನಡೆಸುವುದಿಲ್ಲವೆಂದು ಸ್ವಇಚ್ಛೆಯಿಂದ ಬರೆದುಕೊಟ್ಟ ಮುಚ್ಚಳಿಕೆ.” ಐವತ್ತು ರೂಪಾಯಿ ತಗೊಂಡೆ. ಪಾಸ್ಟರ್ ಎಡಹುಬ್ಬಿನ ಮೇಲೆ ರಕ್ತ ಒಣಗಿತ್ತು. ಏನಾಯ್ತು ಅಂತ ನಾನು ಕೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ಅದೇ ಮನೆಗೆ ಮತ್ತೆ ಕಲ್ಲು ಬಿತ್ತು. ಅವರು ದೂರು ಕೊಡಲು ಹೋದರು. ಠಾಣೆಯಲ್ಲಿ ನನ್ನ ಕಾಗದ ತೆಗೆದು ತೋರಿಸಿದರಂತೆ. “ಸ್ವಇಚ್ಛೆಯಿಂದ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?” ಆ ಪದ ಹಾಕಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಕ್ರಯಪತ್ರ ಬರೆದು ಬರೆದು ಕೈಗೆ ಅಂಟಿದ ಪದ ಅದು.

ಅಲ್ಲಿಂದೀಚೆಗೆ ಇಂಥ ಮನೆಗಳವರಿಗೆ ದೂರು ಬರೆದುಕೊಡಲು ಶುರು ಮಾಡಿದೆ. ಹಣ ತಗೊಳ್ಳುವುದಿಲ್ಲ. ವಕೀಲ ನಾನಲ್ಲ. ಆದರೆ ಒಂದು ಪದ ಎಷ್ಟು ಕೆಲಸ ಮಾಡುತ್ತದೆ, ಎಷ್ಟು ಕೆಡಿಸುತ್ತದೆ ಅನ್ನುವುದು ನನಗೆ ಗೊತ್ತು.

ನಮ್ಮವರಲ್ಲೇ ಕೆಲವರು ನನಗೆ ಹೇಳುವುದುಂಟು: “ಅದು ಆ ಚಿಕ್ಕ ಸಭೆಗಳವರ ತಲೆನೋವು, ನಿಮಗ್ಯಾಕೆ?” 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಆರಾಧನಾ ಮಠಕ್ಕೆ ನುಗ್ಗಿದರಲ್ಲ, ಅಲ್ಲಿದ್ದವರು ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಬದುಕುವ ಕಥೋಲಿಕ ಸಿಸ್ಟರುಗಳು. ಆಗ ಹೇಳಿದ ಕಾರಣ ನ್ಯೂ ಲೈಫ್ ಎಂಬ ಬೇರೆಯೇ ಸಭೆ ಮತಾಂತರ ಮಾಡುತ್ತಿದೆ ಅನ್ನುವುದು. ಕಲ್ಲು ಹೊಡೆಯುವವನು ಕಥೋಲಿಕ ಯಾವುದು, ಪೆಂತೆಕೋಸ್ತು ಯಾವುದು ಅಂತ ನೋಡಿ ಹೊಡೆಯುವುದಿಲ್ಲ. ಅದೇ ದಿನ ಘಟ್ಟದ ಮೇಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ದಾಳಿ ಆಯಿತು. ಈ ದಾಳಿಗಳ ವಿಚಾರಣೆಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತು 2011ರಲ್ಲಿ ವರದಿ ಕೊಟ್ಟಿತು. ಯುನೈಟೆಡ್ ಕ್ರಿಶ್ಚಿಯನ್ ಫೋರಂ ಎಂಬ ಸಂಸ್ಥೆ ದೇಶದಲ್ಲಿ ಇಂಥ ಘಟನೆಗಳ ಲೆಕ್ಕ ಇಡುತ್ತದೆ. ಅವರ ಲೆಕ್ಕದಲ್ಲಿ 2014ರಲ್ಲಿ 127 ಇದ್ದದ್ದು 2024ಕ್ಕೆ 834 ಆಗಿದೆ. ಇವು ಯಾರೋ ಫೋನ್ ಮಾಡಿ ಹೇಳಿದ್ದು ಮಾತ್ರ. ನಮ್ಮ ಕಡೆ ಫೋನ್ ಮಾಡುವವರು ಕಡಿಮೆ.

ಮಳೆಗಾಲಕ್ಕೆ ಮೊದಲು ಸೋಗೆ ಹೊದಿಸುವ ಹಾಗೆ

ಮೊದಲ ಕೆಲಸ, ಜಾಗದ ಕಾಗದ ನೋಡಿಕೊಳ್ಳುವುದು. ಗುಂಪು ಬಂದು ಹೋದ ಮೇಲೆ ಎರಡನೇ ಏಟು ಬರುವುದು ನೋಟಿಸಿನ ರೂಪದಲ್ಲಿ: ಲೈಸೆನ್ಸ್ ಎಲ್ಲಿ, ಖಾತೆ ಎಲ್ಲಿ, ವಾಸದ ಮನೆ ಅಂತ ಇದೆ, ಇದೇನು ನಡೀತಿದೆ? ನಮ್ಮ ತಾಲ್ಲೂಕಿನಲ್ಲಿ ಶರಾವತಿ ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದವರ ಮನೆಗಳಿಗೇ ಸರಿಯಾದ ಕಾಗದ ಇಲ್ಲ. ಇನ್ನು ಕೂಲಿಯವರು ಅರಣ್ಯದಂಚಿನಲ್ಲಿ ಕಟ್ಟಿಕೊಂಡ ಮನೆಗೆ ಎಲ್ಲಿಂದ ಬರಬೇಕು? ಆದರೂ ಇರುವಷ್ಟನ್ನು ಒಟ್ಟು ಮಾಡಿ. ಪಂಚಾಯಿತಿ ಆಸ್ತಿ ದಾಖಲೆಯ ನಮೂನೆ 9, ನಮೂನೆ 11, ಕಂದಾಯ ರಸೀದಿ, ಕರೆಂಟ್ ಬಿಲ್, 94ಸಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ. ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ಪ್ರಾರ್ಥನೆಗೆಂದೇ ಹೊಸದಾಗಿ ಕಟ್ಟಡ ಕಟ್ಟುವುದಾದರೆ ಪಂಚಾಯಿತಿ ಅನುಮತಿ ಇಲ್ಲದೆ ಒಂದು ಕಲ್ಲೂ ಇಡಬೇಡಿ. ಮನೆಯಲ್ಲಿ ಕೂತು ದೇವರನ್ನು ನೆನೆಯುವುದು ಅಪರಾಧವಲ್ಲ. ಸಂವಿಧಾನದ 25ನೇ ವಿಧಿ ಆ ಹಕ್ಕು ಕೊಟ್ಟಿದೆ. ಆದರೆ ಕಟ್ಟಡದ ಕಾಯ್ದೆ ಬೇರೆ, ನಂಬಿಕೆ ಬೇರೆ.

ಎರಡನೆಯದು ಸಿಗ್ನಲ್. ನಗಬೇಡಿ. ನಾನು ಹೇಳಿದ ಮನೆಯಿಂದ ಫೋನ್ ಮಾಡಲು ಗುಡ್ಡ ಹತ್ತಿ ಹಲಸಿನ ಮರದ ಬುಡಕ್ಕೆ ಹೋಗಬೇಕಿತ್ತು. ಅವತ್ತು ಒಬ್ಬ ಹುಡುಗ ಆ ಮಳೆಯಲ್ಲಿ ಉಂಬಳ ಹತ್ತಿಸಿಕೊಂಡು ಓಡಿದ್ದ. ಯಾವ ಮೂಲೆಯಲ್ಲಿ ಯಾವ ಸಿಮ್ ಹಿಡಿಯುತ್ತದೆ, ಓಡುವವರು ಯಾರು ಅಂತ ಮೊದಲೇ ತೀರ್ಮಾನ ಮಾಡಿ. 112ಕ್ಕೆ ಕರೆ ಮಾಡಿದಾಗ ಹೇಳಲು ಎರಡು ಸಾಲು ಬರೆದು ಗೋಡೆಗೆ ಅಂಟಿಸಿ: ಊರು, ಪಂಚಾಯಿತಿ, ಮುಖ್ಯರಸ್ತೆಯಿಂದ ಎಲ್ಲಿ ತಿರುಗಬೇಕು. ಗಾಬರಿಯಲ್ಲಿ ನಮ್ಮ ಊರಿನ ಹೆಸರೇ ಬಾಯಿಗೆ ಬರುವುದಿಲ್ಲ.

ಹಾಜರಿ ಪುಸ್ತಕ ಬೇಡ. ಕೆಲವು ಪಾಸ್ಟರ್‌ಗಳು ಬಂದವರ ಹೆಸರು, ಫೋನ್ ನಂಬರ್ ಎಲ್ಲ ಬರೆದು ಮೇಜಿನ ಮೇಲೆ ಇಟ್ಟಿರುತ್ತಾರೆ. ಗುಂಪಿನವರು ಮೊದಲು ಫೋಟೋ ಹೊಡೆಯುವುದು ಅದನ್ನೇ.

ಈಗ ಸ್ವಲ್ಪ ಕಹಿ ಮಾತು. ಮೈಕಿಗೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವ ಹಾಗಿಲ್ಲ. ಇದು 2000ದ ಶಬ್ದಮಾಲಿನ್ಯ ನಿಯಮ, ಎಲ್ಲರಿಗೂ ಒಂದೇ. ಹದಿನಾಲ್ಕು ಜನಕ್ಕೆ ಮೈಕ್ ಯಾಕೆ ಅನ್ನುವುದು ನನ್ನ ಪ್ರಶ್ನೆ. ಇನ್ನೊಂದು, ಊರಿನ ಮಾರಿಯನ್ನೋ ಚೌಡಿಯನ್ನೋ ಸೈತಾನ ಅಂತ ಕರೆಯುವ ಬೋಧನೆ ನಾನೇ ಕಿವಿಯಾರೆ ಕೇಳಿದ್ದೇನೆ. ಅದು ತಪ್ಪು. ಪಕ್ಕದ ಮನೆಯವರು ನಿಮಗೆ ಬಾವಿ ನೀರು ಕೊಟ್ಟವರು ಅಲ್ವಾ? ಮತಾಂತರದ ಬಗ್ಗೆ ನಮ್ಮ ರಾಜ್ಯದ 2022ರ ಕಾಯ್ದೆ ‘ಆಮಿಷ’ ಅನ್ನುವುದಕ್ಕೆ ಕೊಟ್ಟ ಅರ್ಥ ತುಂಬ ಅಗಲ. ಉಡುಗೊರೆ, ಹಣ, ಕೆಲಸ ಕೊಡಿಸುವ ಮಾತು, ಒಳ್ಳೆಯ ಬದುಕಿನ ಭರವಸೆ, ಇನ್ನೊಂದು ಧರ್ಮವನ್ನು ಕೀಳಾಗಿ ತೋರಿಸುವುದು ಎಲ್ಲವೂ ಅದರೊಳಗೆ ಬರುತ್ತದೆ. ಆ ಕಾಯ್ದೆ ನನಗೆ ಒಪ್ಪಿಗೆ ಇಲ್ಲ. ಹಾಗಂತ ಪ್ರಾರ್ಥನೆಯ ದಿನವೇ ಅಕ್ಕಿ ಹಂಚಿ ಎದುರಿನವರ ಕೈಗೆ ದೊಣ್ಣೆ ಕೊಡಬೇಡಿ. ಸಹಾಯ ಮಾಡಲು ವಾರದಲ್ಲಿ ಇನ್ನೂ ಆರು ದಿನ ಇದೆ.

ನೆರೆಯವರ ವಿಷಯ ಜಾಸ್ತಿ ಹೇಳುವುದಿಲ್ಲ, ಮಲೆನಾಡಿನವರಿಗೆ ಅದನ್ನು ಕಲಿಸಬೇಕಾಗಿಲ್ಲ. ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ತೆನೆ ಹಬ್ಬ. ಆ ಹೊಸ ಭತ್ತದ ಪಾಯಸ ನಮ್ಮ ಬೇಲಿ ದಾಟಿ ಎರಡು ಹೆಗಡೆಯವರ ಮನೆಗೆ, ಒಂದು ದೀವರ ಮನೆಗೆ ಹೋಗುತ್ತದೆ. ಸಾಕ್ಷಿ ಹೇಳುವವರು ಹುಟ್ಟುವುದು ಅಲ್ಲಿ. ಬೀಟ್ ಪೊಲೀಸರ ಹೆಸರು, ನಂಬರ್ ಕೂಡ ತಿಳಿದಿರಲಿ. ಕೇಸು ಬಂದ ದಿನವೇ ಮೊದಲ ಪರಿಚಯ ಆಗಬಾರದು.

ಬಂದಾಗ

ಹೆಂಗಸರು ಮಕ್ಕಳನ್ನು ಹಿತ್ತಲ ಬಾಗಿಲಿಂದ ಕಳಿಸಿ. ಒಬ್ಬರು ಮಾತ್ರ ಮಾತಾಡಲಿ, ಒಬ್ಬರು ಮಾತ್ರ ವಿಡಿಯೋ ಮಾಡಲಿ. ಬೈಬಲ್ ವಾದ ಬೇಡ. “ಎಷ್ಟು ಜನರನ್ನು ಮತಾಂತರ ಮಾಡಿದ್ದೀಯ?” ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲೇಬಾರದು, ಸೊನ್ನೆ ಅಂತಲೂ ಹೇಳಬೇಡಿ. ಅವರ ಮೊಬೈಲ್ ರೆಕಾರ್ಡ್ ಆಗುತ್ತಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಒಂದು ಚರ್ಚಿನೊಳಗೆ ಕೂತು ಭಜನೆ ಮಾಡಿದ ವಿಡಿಯೋ ರಾಜ್ಯವೆಲ್ಲ ಓಡಾಡಿತು. ಅವರಿಗೆ ಬೇಕಾದದ್ದು ಅದೇ, ನಿಮ್ಮ ಸಿಟ್ಟಿನ ಮುಖ.

ಅವರು ಹೋದ ಮೇಲೆ ಗುಡಿಸಬೇಡಿ. ನಮ್ಮ ಹೆಂಗಸರು ಮೊದಲು ಮಾಡುವ ಕೆಲಸ ಅದೇ, ಪೊರಕೆ ಹಿಡಿಯುವುದು. ಮುರಿದ ಕುರ್ಚಿ ಬಿದ್ದಲ್ಲೇ ಇರಲಿ, ಫೋಟೋ ತೆಗೆಯಿರಿ, ಪೊಲೀಸರು ಮಹಜರು ಮಾಡಲಿ. ವಿಡಿಯೋ ತೆಗೆದ ಫೋನನ್ನು ಹಾಗೇ ಜೋಪಾನವಾಗಿಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಮೂಲದ ಹಾಗಲ್ಲ. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಪೆಟ್ಟು ಬಿದ್ದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರ್ ಕೇಳಿದಾಗ ಹೆದರಿ “ಜಾರಿ ಬಿದ್ದೆ” ಅನ್ನಬೇಡಿ. ಹೊಡೆದರು ಅಂತ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ) ಮಾಡಿಸಿ. ನನ್ನ ಪಾಸ್ಟರ್ ಹುಬ್ಬಿನ ಗಾಯಕ್ಕೆ ಇವತ್ತು ಒಂದು ಚೀಟಿಯೂ ಇಲ್ಲ.

ದೂರು

ಅರ್ಧ ಜನ ಸೋಲುವುದು ಇಲ್ಲೇ. ನನ್ನ ಹತ್ತಿರ ಬರುವ ಕರಡು ಹೀಗಿರುತ್ತದೆ: “ಕೋಮುವಾದಿ ಶಕ್ತಿಗಳು ಅಲ್ಪಸಂಖ್ಯಾತರಾದ ನಮ್ಮ ಮೇಲೆ ಅಮಾನುಷ ದೌರ್ಜನ್ಯ ಎಸಗಿ ಸಂವಿಧಾನದ ಆಶಯಗಳಿಗೆ ಧಕ್ಕೆ ತಂದಿರುತ್ತಾರೆ.” ಪತ್ರಿಕೆಗೆ ಚೆನ್ನಾಗಿದೆ. ಠಾಣೆಯ ರೈಟರ್‌ಗೆ ಇದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಎಷ್ಟು ಗಂಟೆ? ಯಾರು? ಏನು ಮಾಡಿದರು?

ಇನ್ನು ಕೆಲವರು ಬರೀ “ಹೊಡೆದರು, ಬೆದರಿಸಿದರು” ಅಂತ ಬರೆಯುತ್ತಾರೆ. ಸಾಮಾನ್ಯ ಪೆಟ್ಟು, ಸಾಮಾನ್ಯ ಬೆದರಿಕೆ ಅಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲದ್ದು. ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದು ಮಡಚಿಡುತ್ತಾರೆ. ಹಾಗಾಗದಂತೆ ನಾಲ್ಕು ಸಂಗತಿ ನಿಮ್ಮ ದೂರಿನ ಮೊದಲ ಪ್ಯಾರಾದಲ್ಲೇ ಬರಬೇಕು, ಅವು ನಿಜವಾಗಿದ್ದರೆ ಮಾತ್ರ. ಪ್ರಾರ್ಥನೆ ನಡೆಯುತ್ತಿತ್ತು ಅನ್ನುವುದು ಒಂದು. ಆರಾಧನೆಯಲ್ಲಿದ್ದ ಸಭೆಗೆ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮು. ಬೈಬಲ್ಲಿಗೋ ಶಿಲುಬೆಗೋ ಪ್ರಾರ್ಥನೆಯ ಜಾಗಕ್ಕೋ ಏನು ಮಾಡಿದರು ಅನ್ನುವುದು ಇನ್ನೊಂದು, ಅದು 298. ಒಪ್ಪಿಗೆ ಇಲ್ಲದೆ ಮನೆಯೊಳಗೆ ಬಂದರು ಅನ್ನುವುದು 329. ಮತ್ತೆ ಎಷ್ಟು ಜನ ಅನ್ನುವ ಎಣಿಕೆ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಅಕ್ರಮ ಕೂಟ, ದೊಂಬಿಯ ಕಲಮುಗಳು, 189 ಮತ್ತು 191. ಕಲಮು ನೀವು ಬರೆಯಬೇಕಾಗಿಲ್ಲ, ಅದು ಪೊಲೀಸರ ಕೆಲಸ. ಆದರೆ ಸಂಗತಿ ಬರೆಯದಿದ್ದರೆ ಕಲಮು ಎಲ್ಲಿಂದ ಬರುತ್ತದೆ?

ನಾನು ಬರೆಯುವುದು ಹೀಗೆ:

“ಈ ದಿನ ಬೆಳಗ್ಗೆ ಸುಮಾರು 10.40ಕ್ಕೆ ನಮ್ಮ ಮನೆಯ ಜಗಲಿಯಲ್ಲಿ ನಾವು 14 ಜನ ಪ್ರಾರ್ಥನೆ ಮಾಡುತ್ತಿದ್ದೆವು. ಆಗ ಬೈಕುಗಳಲ್ಲಿ ಸುಮಾರು 20 ಜನ ಬಂದು, ನಾವು ಬೇಡ ಎಂದರೂ ಒಳಗೆ ಬಂದರು. ಪ್ರಾರ್ಥನೆ ನಿಲ್ಲಿಸಿ ಎಂದು ಕೂಗಿದರು. ಕಪ್ಪು ಜರ್ಕಿನ್ ಹಾಕಿದ್ದ ಒಬ್ಬರು ಮೇಜಿನ ಮೇಲಿದ್ದ ಬೈಬಲ್ ತೆಗೆದು ಹರಿದರು. ಅವರನ್ನು ನೋಡಿದರೆ ಗುರುತಿಸುತ್ತೇನೆ. ನೀಲಿ ಬೈಕಿನ ನಂಬರಿನ ಕೊನೆಯ ನಾಲ್ಕು ಅಂಕಿ (ಇಲ್ಲಿ ಅಂಕಿ ಬರೆಯಿರಿ). 6 ಪ್ಲಾಸ್ಟಿಕ್ ಕುರ್ಚಿ ಮುರಿದಿವೆ.”

ಇಷ್ಟೇ. ಬೈದ ಮಾತನ್ನು ಬೈದ ಹಾಗೇ ಬರೆಯಿರಿ. ಅವಾಚ್ಯ ಶಬ್ದಗಳಿಂದ ನಿಂದಿಸಿದರು ಅಂತ ಮಡಿ ಮಾಡಬೇಡಿ. ನೋಡದ ಹೆಸರನ್ನು ಸೇರಿಸಬೇಡಿ. ಊರಲ್ಲಿ ಹಳೇ ಬೇಲಿ ಜಗಳ ಇದ್ದವರ ಹೆಸರನ್ನು ಇದರಲ್ಲಿ ನುಗ್ಗಿಸಲು ನೋಡಿದವರನ್ನು ನಾನು ಎರಡು ಸಲ ಮೇಜಿನಿಂದ ಎಬ್ಬಿಸಿ ಕಳಿಸಿದ್ದೇನೆ. ಯಾರು ಮಾಡಿದ್ದು ಅಂತ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ. 2022ರ ಕ್ರಿಸ್‌ಮಸ್ ಮುಗಿದ ಎರಡು ದಿನಕ್ಕೆ ಪಿರಿಯಾಪಟ್ಟಣದ ಚರ್ಚಿನಲ್ಲಿ ಬಾಲಯೇಸುವಿನ ಮೂರ್ತಿ ಒಡೆದಿತ್ತು. ನಾವೆಲ್ಲ ಒಂದೇ ಕಡೆ ಬೆರಳು ತೋರಿಸಿದೆವು. ಕೊನೆಗೆ ಪೊಲೀಸರು ಹಿಡಿದದ್ದು ಕಾಣಿಕೆ ದುಡ್ಡಿಗೆ ಬಂದಿದ್ದ ಕಳ್ಳನನ್ನು.

ಪ್ರಾರ್ಥನೆಗೆ ಬಂದವರನ್ನೆಲ್ಲ ‘ಕ್ರೈಸ್ತರು’ ಅಂತ ಬರೆದುಬಿಡಬೇಡಿ. ಇದು ನನಗೆ ತಡವಾಗಿ ಹೊಳೆಯಿತು. ಈ ಸಭೆಗಳಿಗೆ ಬರುವವರಲ್ಲಿ ದಲಿತರು ಬಹಳ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ನಿಮ್ಮ ಒಂದು ಪದದಿಂದ ಒಬ್ಬ ಹುಡುಗಿಯ ಹಾಸ್ಟೆಲ್ ಸೀಟು, ಜಾತಿ ಪ್ರಮಾಣಪತ್ರಕ್ಕೆ ಕುತ್ತು ಬರಬಹುದು. ‘ಪ್ರಾರ್ಥನೆಗೆ ಬಂದಿದ್ದರು’ ಅಂತ ಬರೆಯಿರಿ. ನಿಜವೂ ಅಷ್ಟೇ. ಬಂದ ಮಾತ್ರಕ್ಕೆ ಮತ ಬದಲಾಗುವುದಿಲ್ಲ.

ದೂರನ್ನು ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ‘ಅರ್ಜಿ’ ಅಂತ ಸ್ವೀಕರಿಸಿ ಹಿಂಬರಹ ಕೊಟ್ಟರೆ ಅದು ಎಫ್‌ಐಆರ್ ಅಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ನಮ್ಮ ಠಾಣೆ ವ್ಯಾಪ್ತಿ ಅಲ್ಲ ಅಂದರೂ ಜೀರೋ ಎಫ್‌ಐಆರ್ ಮಾಡಬೇಕು. ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಇಲ್ಲ ಅಂದರೆ ಜಗಳ ಬೇಡ. ಅದೇ ದೂರನ್ನು ಶಿವಮೊಗ್ಗದ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ರಸೀದಿ ಇಲ್ಲದಿದ್ದರೆ ಅಲ್ಲಿ ಮಾತು ಮುಂದೆ ಹೋಗುವುದಿಲ್ಲ. ಒಂದು ಪ್ರತಿ ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೂ ಹೋಗಲಿ.

ಸಾಕ್ಷಿ ಹೇಳಿಕೆಗೆ ಹೆಂಗಸರನ್ನು, ಅರವತ್ತು ದಾಟಿದವರನ್ನು ಠಾಣೆಗೆ ಕರೆಸುವ ಹಾಗಿಲ್ಲ. ಪೊಲೀಸರೇ ಮನೆಗೆ ಬರಬೇಕು. ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಸುಮ್ನೆ ಕೂರಬೇಡಿ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಫೋನ್ 15100. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯನ್ನೂ ಕೇಳುವುದಿಲ್ಲ.

ನಿಮ್ಮ ಮೇಲೇ ಮತಾಂತರದ ಪ್ರತಿದೂರು ಬೀಳುವುದು ಮಾಮೂಲು. 2022ರ ಕಾಯ್ದೆಯಲ್ಲಿ ಜಾಮೀನು ಸುಲಭವಲ್ಲ, ಮತಾಂತರ ಅಕ್ರಮವಲ್ಲ ಅಂತ ಸಾಬೀತು ಮಾಡುವ ಹೊರೆಯೂ ಆರೋಪಿಯ ಮೇಲೇ. ಹಾಗಾಗಿ ಅದೇ ದಿನ ವಕೀಲರನ್ನು ಕಾಣಿ. ಒಂದು ಸಂಗತಿ ಅವರಿಗೂ ನೆನಪಿಸಿ: ಆ ಕಾಯ್ದೆಯಲ್ಲಿ ದೂರು ಕೊಡಬಹುದಾದವರು ಮತಾಂತರ ಆದವರು, ಅವರ ಅಪ್ಪ ಅಮ್ಮ, ಒಡಹುಟ್ಟಿದವರು, ನೆಂಟರು, ಒಡನಾಟ ಇರುವವರು ಅಥವಾ ಜೊತೆ ಕೆಲಸ ಮಾಡುವವರು. ದಾರಿಹೋಕರಲ್ಲ. ಜಮಖಂಡಿಯಲ್ಲಿ ಕರಪತ್ರ ಹಂಚಿದ ಮುಸ್ಲಿಮರ ಮೇಲಿನ ಎಫ್‌ಐಆರನ್ನು ನಮ್ಮ ಹೈಕೋರ್ಟ್ 2025ರಲ್ಲಿ ರದ್ದು ಮಾಡಿದಾಗ ಈ ಮಾತನ್ನೂ ಹೇಳಿತು.

ಕೊನೆಗೆ ಮುಚ್ಚಳಿಕೆ. ಠಾಣೆಯಲ್ಲಿ ಕೂರಿಸಿ ಪ್ರಾರ್ಥನೆ ಮಾಡುವುದಿಲ್ಲ ಅಂತ ಬರೆಸಿಕೊಳ್ಳಲು ಬಂದರೆ, “ವಕೀಲರನ್ನು ಕೇಳಿ ನಾಳೆ ಹೇಳುತ್ತೇನೆ ಸಾರ್” ಅನ್ನಿ. ಆ ಒಂದು ರಾತ್ರಿ ಗೆದ್ದರೆ ಸಾಕು. ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುವ ಬಾಂಡ್ ಕೇಳುವುದು ಬೇರೆ. ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನ ನಡಾವಳಿ, ಅದಕ್ಕೆ ವಕೀಲರ ಜೊತೆ ಹೋಗಲೇಬೇಕು. ಈಗಾಗಲೇ ಮುಚ್ಚಳಿಕೆಗೆ ಸಹಿ ಹಾಕಿದ್ದರೆ, ಅದು ಒತ್ತಡದಲ್ಲಿ ಹಾಕಿದ್ದು ಅಂತ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಅನ್ನುವುದರ ಸಮೇತ ಒಂದು ಪತ್ರ ಬರೆದು ಎಸ್‌ಪಿ ಕಚೇರಿಗೆ ಕಳಿಸಿ. ತಡವಾದರೂ ಕಳಿಸಿ.

ಆ ಪಾಸ್ಟರ್ ಈಗ ಭದ್ರಾವತಿ ಕಡೆ ಗಾರೆ ಕೆಲಸ ಮಾಡುತ್ತಾರೆ. ಹೋದ ಮಳೆಗಾಲ ಅವರನ್ನು ಹುಡುಕಿಕೊಂಡು ಹೋಗಿ, ಅವರ ಹೆಸರಿನಲ್ಲಿ ಆ ಪತ್ರ ಬರೆದೆ. ಹುಬ್ಬಿನ ಗಾಯ ಬರೆದೆ. ‘ಸ್ವಇಚ್ಛೆಯಿಂದ’ ಎಂಬ ಪದ ಬರಹಗಾರನದು, ನನ್ನದಲ್ಲ ಅಂತಲೂ ಬರೆದೆ. ಅವರು ಎರಡು ಸಲ ಓದಿಸಿ ಕೇಳಿದರು. ಆಮೇಲೆ, “ಸಾರ್, ಆ ಪೇದೆ ದಾರಿಯಲ್ಲಿ ನನಗೆ ಟೀ ಕೊಡಿಸಿದ್ದರು. ಅದನ್ನೂ ಸೇರಿಸಿ” ಅಂದರು. ಸೇರಿಸಿದೆ. ಸ್ಪೀಡ್ ಪೋಸ್ಟ್ ರಸೀದಿ ನನ್ನ ಮೇಜಿನ ಡ್ರಾಯರಿನಲ್ಲಿದೆ.